ಹೊಸ ಶೆಡ್‌ಗೆ ಬಂದ ಮೇಲೆ ಸಾಧು ಹಸು ಒದೆಯುತ್ತಿದೆ. ಜಾಗ ಬದಲಾದರೆ ಗುಣವೂ ಬದಲಾಗುತ್ತದಾ?

ಹೊಸಶೆಡ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಲ್ಲಿ 9 ಹಸುಗಳಿವೆ. ಮೂರು ತಿಂಗಳ ಹಿಂದೆ ಹಳೆ ಮಣ್ಣಿನ ಕೊಟ್ಟಿಗೆ ಬಿಟ್ಟು ಹೊಸ ಶೆಡ್‌ಗೆ ಬಂದೆವು. ಸಿಮೆಂಟ್ ನೆಲ, ತಗಡಿನ ಮಾಡು, ಕಬ್ಬಿಣದ ಗೇಟು. ಮೊದಲು ಬೆಳಿಗ್ಗೆ ಹಾಲು ಕರೆದು ಬಯಲಿಗೆ ಬಿಡುತ್ತಿದ್ದೆವು, ಸಂಜೆ ತಾವೇ ವಾಪಸ್ ಬರುತ್ತಿದ್ದವು. ಈಗ ಆ ಬಯಲು ನಮಗಿಲ್ಲ. ದಿನವಿಡೀ ಕಟ್ಟಿ ಹಾಕಿಯೇ ಮೇವು. ಮಧ್ಯಾಹ್ನ ಒಮ್ಮೆ ಮೈ ತೊಳೆಯಲು ಮಾತ್ರ ಹೊರಗೆ ಬಿಡುತ್ತೇವೆ.

ಕಪ್ಪಿ ಅಂತ ಒಂದು ಹಸು. ನಾಲ್ಕನೇ ಸೂಲು. ಇಷ್ಟು ವರ್ಷ ಒಂದು ದಿನವೂ ಕಾಲು ಕಟ್ಟಿ ಕರೆದಿಲ್ಲ. ಮಕ್ಕಳು ಹೊಟ್ಟೆ ಕೆಳಗೆ ನುಸುಳಿದರೂ ಅಲ್ಲಾಡುತ್ತಿರಲಿಲ್ಲ. ಈಗ ಕೆಚ್ಚಲಿಗೆ ಕೈ ಹಾಕಿದರೆ ಸಾಕು, ಹಿಂಗಾಲು ಎತ್ತುತ್ತದೆ. ಎರಡು ಸಲ ಬಕೆಟ್ ಚೆಲ್ಲಿದೆ. ಮೊನ್ನೆ ಒಳಗೆ ಹೊಡೆದುಕೊಂಡು ಬರುವಾಗ ಬಾಗಿಲಲ್ಲೇ ನಿಂತು ಗಕ್ಕನೆ ತಿರುಗಿತು. ನನ್ನ ಹೆಂಡತಿ ಗೋಡೆಗೂ ಹಸುವಿಗೂ ನಡುವೆ ಸಿಕ್ಕಿಕೊಂಡಳು. ಪುಣ್ಯಕ್ಕೆ ತರಚು ಗಾಯ ಅಷ್ಟೇ.

ಉಳಿದವುಗಳಲ್ಲಿ ಇನ್ನೂ ಎರಡು ಬೆದರುತ್ತವೆ. ನೋಡಿದವರೆಲ್ಲಾ "ಗುಣ ಕೆಟ್ಟಿದೆ, ಮಾರಿಬಿಡಿ" ಅನ್ನುತ್ತಾರೆ. ಮನಸ್ಸು ಒಪ್ಪುತ್ತಿಲ್ಲ. ಇದು ಅದರ ಗುಣವಾ, ನಾವು ಕಟ್ಟಿದ ಜಾಗದ ತಪ್ಪಾ?

ಹಸಿರುಬಯಲು
ಜಾಗದ್ದೇ ತಪ್ಪು. ಬಯಲಲ್ಲಿ ಓಡಾಡಿಕೊಂಡಿದ್ದ ಜೀವವನ್ನು ದಿನವಿಡೀ ಕಟ್ಟಿದರೆ ಇನ್ನೇನಾಗುತ್ತದೆ? ಹೊರಗೆ ಬಿಡಿ, ವಾರದಲ್ಲಿ ಸರಿ ಹೋಗುತ್ತದೆ.

ತಳಿನೋಡು
ಅಷ್ಟು ಸುಲಭ ಅಲ್ಲ. ಗುಣ ರಕ್ತದಲ್ಲೂ ಇರುತ್ತದೆ. ದನಗಳ ಸಿಟ್ಟು, ಬೆದರುವ ಗುಣ ತಕ್ಕಮಟ್ಟಿಗೆ ತಾಯಿ ತಂದೆಯಿಂದ ಕರುವಿಗೆ ಇಳಿಯುತ್ತದೆ ಅಂತ ಸಂಶೋಧನೆಗಳೇ ಹೇಳುತ್ತವೆ. ಹಿಣಿಲು ಇರುವ ತಳಿಗಳು ಸಾಮಾನ್ಯವಾಗಿ ಬೇಗ ಬೆದರುತ್ತವೆ. ದೊಡ್ಡ ಫಾರ್ಮ್‌ಗಳಲ್ಲಿ ದನವನ್ನು ಚೌಕಟ್ಟಿನಲ್ಲಿ ಹಿಡಿದು ಬಿಟ್ಟಾಗ ಎಷ್ಟು ವೇಗವಾಗಿ ಓಡುತ್ತದೆ ಅಂತ ಅಳೆದು, ತೀರಾ ಬೆದರುವುದನ್ನು ಹಿಂಡಿನಿಂದ ತೆಗೆಯುತ್ತಾರೆ. ಮನೆಯವರಿಗೆ ಪೆಟ್ಟು ಬೀಳುವ ತನಕ ಕಾಯಬೇಡಿ.

ಮೆಲುಕು
ತಳಿನೋಡು ಅವರೇ, ಮೂರು ಸೂಲು ಸಾಧುವಾಗಿದ್ದ ಹಸು ಅದು. ರಕ್ತ ಮೂರು ತಿಂಗಳಲ್ಲಿ ಬದಲಾಗುತ್ತದಾ?

ಪಶುವೈದ್ಯೆ
ಮಾರುವ ಮಾತಿಗೂ ಬಯಲಿಗೆ ಬಿಡುವ ಮಾತಿಗೂ ಮೊದಲು ಹಸುವಿನ ಮೈ ಪರೀಕ್ಷೆ ಆಗಬೇಕು. ಸಾಧು ಹಸು ಒದೆಯಲು ಶುರು ಮಾಡಿದರೆ ನಾನು ಮೊದಲು ಕೇಳುವುದು "ಎಲ್ಲಿ ನೋವು?" ಅಂತ. ಕೆಚ್ಚಲು ಬಾವು, ಮೊಲೆತೊಟ್ಟಿನ ಬಿರುಕು, ಗೊರಸಿನ ನೋವು, ಈ ಮೂರನ್ನು ಇವತ್ತೇ ನೋಡಿ. ಮೊದಲ ಹಾಲನ್ನು ಕಪ್ಪು ಬಟ್ಟೆ ಮೇಲೆ ಹಿಂಡಿ, ಹೆಪ್ಪು ಹೆಪ್ಪಾಗಿ ಬರುತ್ತದಾ ನೋಡಿ. ನಡೆಯುವಾಗ ಬೆನ್ನು ಕಮಾನಾಗುತ್ತದಾ ನೋಡಿ.

ಇನ್ನೊಂದು ವಿಷಯ ಎಲ್ಲರಿಗೂ ಹೇಳುತ್ತೇನೆ. ಗುಣ *ಹೇಗೆ* ಬದಲಾಯಿತು ಅನ್ನುವುದು ಮುಖ್ಯ. ವಾರಗಟ್ಟಲೆ ನಿಧಾನವಾಗಿ ಬದಲಾದರೆ ಜಾಗ, ನೋವು, ಭಯ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಮೈಮೇಲೆ ಬಂದರೆ ಅದು ಕಾಯಿಲೆ. ಹುಚ್ಚುನಾಯಿ ರೋಗ ದನಕ್ಕೂ ಬರುತ್ತದೆ. ಗಂಟಲು ಒಡೆದ ಹಾಗೆ ಅರಚುವುದು, ಜೊಲ್ಲು ಸುರಿಸುವುದು, ನುಂಗಲು ಆಗದಿರುವುದು ಕಂಡರೆ ಬಾಯಿಗೆ ಕೈ ಹಾಕಲೇಬೇಡಿ, ದೂರ ನಿಂತು ವೈದ್ಯರನ್ನು ಕರೆಸಿ. ಕರು ಹಾಕಿದ ಹೊಸದರಲ್ಲಿ, ಮೈಗೆ ಶಕ್ತಿ ಸಾಲದೆ ಬರುವ ಕೀಟೋಸಿಸ್‌ನಲ್ಲೂ ಕೆಲವು ಹಸುಗಳು ಸಿಟ್ಟಾಗುತ್ತವೆ, ಗೋಡೆ, ಕಂಬ, ತಮ್ಮ ಮೈ ಎಲ್ಲಾ ನೆಕ್ಕುತ್ತವೆ.

ಹೊಸಶೆಡ್
ಮೇಡಂ, ನಿಧಾನವಾಗಿಯೇ ಬದಲಾಗಿದ್ದು. ಹಾಲಲ್ಲಿ ಹೆಪ್ಪು ಇಲ್ಲ, ಈಗ ತಾನೇ ನೋಡಿದೆ. ಗೊರಸು ನೋಡುವವರನ್ನು ನಾಳೆ ಕರೆಸುತ್ತೇನೆ. ಒಂದು ಗಮನಿಸಿದ್ದೇನೆ. ನಿಂತಲ್ಲೇ ಹಿಂಗಾಲು ಬದಲಿಸುತ್ತಿರುತ್ತದೆ. ಎಡಗಾಲು ಸ್ವಲ್ಪ ಹೊತ್ತು, ಬಲಗಾಲು ಸ್ವಲ್ಪ ಹೊತ್ತು.

ಗೊರಸು
ಮಲಗುತ್ತದಾ?

ಹೊಸಶೆಡ್
ಹಗಲು ಅಷ್ಟಾಗಿ ನೋಡಿಲ್ಲ.

ಗೊರಸು
ಅದನ್ನೇ ಮೊದಲು ನೋಡಿ. ಹಾಲು ಕೊಡುವ ಹಸು ದಿನಕ್ಕೆ 10 ರಿಂದ 14 ಗಂಟೆ ಮಲಗಬೇಕು. ಸುಮ್ನೆ ಸೋಮಾರಿತನಕ್ಕೆ ಅಲ್ಲ. ಮೇವು, ಮಲಗುವುದು ಎರಡನ್ನೂ ತಪ್ಪಿಸಿ ನೋಡಿದಾಗ ಹಸುಗಳು ತಿನ್ನುವುದಕ್ಕಿಂತ ಮೊದಲು ಮಲಗುವುದನ್ನೇ ಆರಿಸಿಕೊಂಡಿವೆ. ಅಷ್ಟು ಬೇಕು ಅವಕ್ಕೆ. ಮಲಗದ ಹಸುವಿನ ಕಾಲು ಬಾತು ಗೊರಸು ಮೆತ್ತಗಾಗುತ್ತದೆ. ಅಂಥ ಕಾಲಿನ ಮೇಲೆ ನಿಂತಿರುವಾಗ ನೀವು ಹೋಗಿ ಕೆಚ್ಚಲು ಮುಟ್ಟಿದರೆ ಕಾಲು ಎತ್ತದೇ ಇರುತ್ತದಾ?

ಒಂದು ಪರೀಕ್ಷೆ ಹೇಳುತ್ತೇನೆ. ಹಸು ಮಲಗುವ ಜಾಗದಲ್ಲಿ ನೀವೇ ಮಂಡಿಯೂರಿ. ಮೆಲ್ಲಗೆ ಅಲ್ಲ, ಸ್ವಲ್ಪ ಭಾರ ಬಿಟ್ಟು. ಹತ್ತು ಎಣಿಸಿ. ಮಂಡಿ ನೋಯ್ದರೆ ಜಾಗ ಗಟ್ಟಿ. ಪ್ಯಾಂಟ್ ಒದ್ದೆಯಾದರೆ ಜಾಗ ಹಸಿ. ಎರಡರಲ್ಲಿ ಯಾವುದಾದರೂ ಆದರೆ ಹಸು ಅಲ್ಲಿ ಮಲಗಲು ಹಿಂದೆಮುಂದೆ ನೋಡುತ್ತದೆ.

ಸಂಜೆಹಾಲು
ನಮ್ಮಲ್ಲೂ ಇದೇ ಆಗಿತ್ತು! ರಬ್ಬರ್ ಮ್ಯಾಟ್ ಹಾಕಿದ ರಾತ್ರಿ ಕೊಟ್ಟಿಗೆ ಪೂರ್ತಿ ಮಲಗಿತ್ತು. ಮೆಲುಕಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ರಾತ್ರಿ ನನಗೆ ಅಳು ಬಂತು, ಇಷ್ಟು ದಿನ ನಿಲ್ಲಿಸಿಬಿಟ್ಟಿದ್ದೆನಲ್ಲಾ ಅಂತ.

ಮೆಲುಕು
ಏಳುವುದನ್ನೂ ನೋಡಿ. ಹಸು ಏಳುವಾಗ ಮೊದಲು ಎತ್ತುವುದು ಹಿಂಭಾಗವನ್ನು. ಮುಂಗಾಲಿನ ಮಂಡಿ ಮೇಲೆ ಭಾರ ಹಾಕಿ, ತಲೆ ಮುಂದಕ್ಕೆ ಚಾಚಿ, ಆ ಎಳೆತದಲ್ಲಿ ಹಿಂಭಾಗ ಮೇಲೆ ಬರುತ್ತದೆ. ಮುಂದೆ ಗೋಡೆ ಇದ್ದರೆ, ಕಣ್ಣಿ ಗಿಡ್ಡ ಇದ್ದರೆ ತಲೆ ಚಾಚಲು ಆಗುವುದಿಲ್ಲ. ಆಗ ನಾಯಿ ಕುಳಿತ ಹಾಗೆ ಮುಂಗಾಲು ಮೊದಲು ಎತ್ತಿ ಒದ್ದಾಡಿ ಏಳುತ್ತವೆ. ಎರಡು ಸಲ ಹಾಗೆ ಒದ್ದಾಡಿದ ಹಸು ಮೂರನೇ ಸಲ ಮಲಗುವುದೇ ಇಲ್ಲ.

ಹೊಸಶೆಡ್
ಇದನ್ನು ಓದಿ ಎದ್ದು ಹೋಗಿ ನೋಡಿ ಬಂದೆ. ರಾತ್ರಿ 11 ಗಂಟೆ. 9 ರಲ್ಲಿ 4 ಮಲಗಿದ್ದವು. ಕಪ್ಪಿ ನಿಂತಿತ್ತು. ಹಣೆಯನ್ನು ಗೋದಲಿ ಗೋಡೆಗೆ ಒತ್ತಿಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ಕಣ್ಣಿ ಅಳೆದೆ. ಹಳೆ ಕೊಟ್ಟಿಗೆಯದಕ್ಕಿಂತ ಒಂದು ಮೊಳ ಗಿಡ್ಡ. ಪಕ್ಕದ ಹಸುವಿನ ಮೇವಿಗೆ ಬಾಯಿ ಹಾಕಬಾರದು ಅಂತ ನಾನೇ ಗಿಡ್ಡ ಮಾಡಿದ್ದೆ.

ಹಸಿರುಬಯಲು
ನೋಡಿ, ಅದಕ್ಕೇ ಹೇಳಿದ್ದು. ಬಯಲಿನಲ್ಲಿ ಈ ಯಾವ ತಾಪತ್ರಯವೂ ಇಲ್ಲ. ಮೆತ್ತನೆ ನೆಲ, ಬೇಕಾದಲ್ಲಿ ಮಲಗುತ್ತವೆ, ಬೇಡದ ಹಸುವಿನಿಂದ ದೂರ ಹೋಗುತ್ತವೆ. ಸ್ವೀಡನ್‌ನಲ್ಲಿ 1988 ರಲ್ಲೇ ಹಸುಗಳನ್ನು ಬೇಸಿಗೆಯಲ್ಲಿ ಮೇಯಲು ಹೊರಗೆ ಬಿಡಲೇಬೇಕು ಅಂತ ಕಾನೂನು ಬಂತು. ಸುಮ್ನೆ ತಂದಿದ್ದಾರಾ?

ಬೆಟ್ಟದಂಚು
ಬಯಲಿಗೆ ಬಿಟ್ಟರೆ ಸಾಧು ಆಗುತ್ತವೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಕಡಸುಗಳು ಐದು ತಿಂಗಳು ಬೇಲಿ ಹಾಕಿದ ಹುಲ್ಲುಗಾವಲಿನಲ್ಲೇ ಇದ್ದವು. ಮೇವು ಬೇಕಾದಷ್ಟು, ನೀರು ಬೇಕಾದಷ್ಟು. ವಾರಕ್ಕೊಮ್ಮೆ ದೂರದಿಂದ ಎಣಿಸಿ ಬರುತ್ತಿದ್ದೆ. ಕೊನೆಗೆ ಲಸಿಕೆ ಹಾಕಿಸಲು ಹಿಡಿಯಲು ಹೋದರೆ ಒಂದೂ ಹತ್ತಿರ ಸೇರಿಸಲಿಲ್ಲ. ನಾಲ್ಕು ಜನ, ಇಡೀ ದಿನ. ಒಂದು ಬೇಲಿ ಹಾರಿ ಎದೆ ಗೀರಿಕೊಂಡಿತು. ಇದೇ ಕಡಸುಗಳು ಕರುವಾಗಿದ್ದಾಗ ನನ್ನ ಬೆರಳು ಚೀಪುತ್ತಿದ್ದವು.

ಬಯಲು ಹೊಟ್ಟೆ, ಕಾಲು ಚೆನ್ನಾಗಿ ಇಡುತ್ತದೆ. ಮನುಷ್ಯನ ಭಯ ಹೋಗಬೇಕಾದರೆ ಮನುಷ್ಯನೇ ಬೇಕು.

ಹಸಿರುಬಯಲು
ಅದು ನೀವು ನೋಡಿಕೊಳ್ಳದ ತಪ್ಪು, ಬಯಲಿನದ್ದಲ್ಲ.

ಬೆಟ್ಟದಂಚು
ನಾನು ಹೇಳುತ್ತಿರುವುದೂ ಅದೇ ಅಲ್ವಾ? ಬಯಲಿಗೆ ಬಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಈಗ ದಿನಾ ಸಂಜೆ ಒಂದು ಬುಟ್ಟಿ ಹಿಂಡಿ ಹಿಡಿದು ಅವುಗಳ ನಡುವೆ ಹತ್ತು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಅಷ್ಟೇ ಮಾಡುವುದು. ಈ ವರ್ಷ ಲಸಿಕೆಗೆ ಒಬ್ಬನೇ ಹಿಡಿದೆ.

ದೊಡ್ಡಿ
ಇಬ್ಬರೂ ಸರಿ. ಪ್ರತಿ ದನಕ್ಕೂ ಸುತ್ತ ಒಂದು ಗಡಿ ಇರುತ್ತದೆ. ನಾವು ಆ ಗಡಿ ದಾಟಿದರೆ ಅದು ಸರಿಯುತ್ತದೆ. ದಿನಾ ಕೈ ಸವರುವ ಹಸುವಿಗೆ ಗಡಿಯೇ ಇರುವುದಿಲ್ಲ. ಮನುಷ್ಯರನ್ನು ಕಾಣದೇ ಮೇಯ್ದ ದನಕ್ಕೆ ಹತ್ತಾರು ಮೀಟರ್ ಇರುತ್ತದೆ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಇದನ್ನೇ ಇಟ್ಟುಕೊಂಡು ದನ ಸಾಗಿಸುವ ದಾರಿ, ದೊಡ್ಡಿ ಎಲ್ಲಾ ವಿನ್ಯಾಸ ಮಾಡಿದ್ದು. ಭುಜದ ನೇರಕ್ಕಿಂತ ಹಿಂದೆ ನಿಂತು ಗಡಿಯೊಳಗೆ ಹೆಜ್ಜೆ ಇಟ್ಟರೆ ದನ ಮುಂದೆ ಹೋಗುತ್ತದೆ. ಭುಜಕ್ಕಿಂತ ಮುಂದೆ ನಿಂತರೆ ಹಿಂದೆ ಸರಿಯುತ್ತದೆ. ಕೋಲು ಬೇಡ, ಕೂಗು ಬೇಡ.

ಹೊಸಶೆಡ್ ಅವರೇ, ನಿಮ್ಮ ಹಸು ಬಾಗಿಲಲ್ಲಿ ತಿರುಗಿತು ಅಂದಿರಲ್ಲ, ಆ ಬಾಗಿಲಲ್ಲಿ ಏನಿದೆ? ಚರಂಡಿ ಜಾಲರಿ ಇದೆಯಾ? ಒಳಗೆ ಕತ್ತಲಾ?

ಹೊಸಶೆಡ್
ಗಂಜಲ ಹೋಗುವ ಚರಂಡಿ ಬಾಗಿಲಿಗೆ ಅಡ್ಡವಾಗಿ ಇದೆ, ಮೇಲೆ ಕಬ್ಬಿಣದ ಜಾಲರಿ. ಹೊರಗೆ ಸುಡು ಬಿಸಿಲು, ಒಳಗೆ ಮಬ್ಬು. ಗೇಟು ಬಿಟ್ಟರೆ ಧಡಾರ್ ಅಂತ ಬಡಿಯುತ್ತದೆ.

ದೊಡ್ಡಿ
ಮೂರೂ ಒಂದೇ ಕಡೆ! ದನದ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುತ್ತದೆ. ಸುಮಾರು 330 ಡಿಗ್ರಿ ಕಾಣುತ್ತದೆ, ಬಾಲದ ನೇರ ಹಿಂದೆ ಮಾತ್ರ ಕುರುಡು. ಆದರೆ ಆಳ ಅಳೆಯುವುದು ಕಷ್ಟ. ಅಡ್ಡ ಚರಂಡಿ, ನೆರಳಿನ ಗೆರೆ ಅದಕ್ಕೆ ಹಳ್ಳದ ಹಾಗೆ ಕಾಣಬಹುದು. ಬಿಸಿಲಿನಿಂದ ಕತ್ತಲಿಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ನಮಗಿಂತ ಜಾಸ್ತಿ ಹೊತ್ತು ಬೇಕು. ಕಿವಿಯೂ ನಮಗಿಂತ ಚುರುಕು. ನಮಗೆ 20,000 ಹರ್ಟ್ಸ್‌ವರೆಗೆ ಕೇಳಿದರೆ ಅವಕ್ಕೆ ಸುಮಾರು 35,000 ದವರೆಗೆ ಕೇಳುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಅವಕ್ಕೆ ಹಿಂಸೆ.

ಹಾಗಾದರೆ ಕಪ್ಪಿಗೆ ಏನು ಕಂಡಿರುತ್ತದೆ ನೋಡಿ. ಮುಂದೆ ಕತ್ತಲು, ಕಾಲಡಿ ಹಳ್ಳ, ಹಿಂದೆ ಧಡಾರ್. ತಿರುಗದೇ ಏನು ಮಾಡಬೇಕಿತ್ತು? ಅದು ಹಾಯಲು ಬಂದಿದ್ದಲ್ಲ, ತಪ್ಪಿಸಿಕೊಳ್ಳಲು ಬಂದಿದ್ದು. ಒಳಗೆ ಒಂದು ದೀಪ ಹಾಕಿ, ಗೇಟಿಗೆ ರಬ್ಬರ್ ತುಂಡು ಕಟ್ಟಿ, ಜಾಲರಿ ಮೇಲೆ ಮ್ಯಾಟ್ ಹಾಕಿ. ಮತ್ತೆ ಯಾರೂ ಹಸುವಿಗೂ ಗೋಡೆಗೂ ನಡುವೆ ನಿಲ್ಲಬೇಡಿ.

ಹೊಸಬ
ಕೆಂಪು ಬಟ್ಟೆ ಹಾಕಿದ್ದರಾ? ಕೆಂಪು ಕಂಡರೆ ಹಾಯುತ್ತವಂತೆ.

ದೊಡ್ಡಿ
ಇಲ್ಲ. ದನಗಳಿಗೆ ಕೆಂಪು ಬಣ್ಣ ನಮಗೆ ಕಂಡ ಹಾಗೆ ಕಾಣುವುದೇ ಇಲ್ಲ. ಬಟ್ಟೆ ಬೀಸಿದರೆ ಆ ಅಲ್ಲಾಟಕ್ಕೆ ಕೆರಳುತ್ತವೆ, ಬಣ್ಣಕ್ಕಲ್ಲ.

ಸಂಜೆಹಾಲು
ಆದರೆ ಮನುಷ್ಯರನ್ನು ಚೆನ್ನಾಗಿ ಗುರುತಿಡುತ್ತವೆ. ನಮ್ಮಲ್ಲಿ ಒಬ್ಬ ಆಳು ಕೋಲಿನಲ್ಲಿ ಹೊಡೆಯುತ್ತಿದ್ದ. ಅವನು ಕೊಟ್ಟಿಗೆ ಬಾಗಿಲಿಗೆ ಬಂದರೆ ಸಾಕು, ಹಸು ಪೂರ್ತಿ ಹಾಲು ಇಳಿಸುತ್ತಿರಲಿಲ್ಲ. ಅವನನ್ನು ಬಿಡಿಸಿದ ಮೇಲೆ ನಿಧಾನವಾಗಿ ಸರಿಹೋಯಿತು.

ಪಶುವೈದ್ಯೆ
ಇದು ನಿಜವೇ. 1999 ರಲ್ಲಿ ಒಂದು ಪ್ರಯೋಗದಲ್ಲಿ ಹಿಂಸೆ ಕೊಟ್ಟಿದ್ದ ವ್ಯಕ್ತಿ ಸುಮ್ಮನೆ ಹತ್ತಿರ ನಿಂತಿದ್ದಕ್ಕೇ ಕೆಚ್ಚಲಲ್ಲಿ ಉಳಿಯುವ ಹಾಲು ಜಾಸ್ತಿಯಾಗಿತ್ತು. ಭಯ ಆದಾಗ ಬರುವ ಅಡ್ರಿನಲಿನ್ ಹಾಲು ಇಳಿಯುವುದನ್ನು ತಡೆಯುತ್ತದೆ. ಹೊಸಶೆಡ್ ಅವರೇ, ಒದ್ದಾಗ ನೀವು ಯಾರಾದರೂ ಹೊಡೆದಿರಾ?

ಹೊಸಶೆಡ್
ಮೊದಲ ಸಲ ಬಕೆಟ್ ಚೆಲ್ಲಿದಾಗ ಒಂದೇಟು ಹಾಕಿದೆ. ಅದು ಮಾಡಬಾರದಿತ್ತು.

ಪಶುವೈದ್ಯೆ
ಹೇಳಿದ್ದು ಒಳ್ಳೆಯದಾಯಿತು. ಈಗ ಕರೆಯುವ ಮೊದಲು ಐದು ನಿಮಿಷ ಗಂಗೆದೊಗಲು ಸವರಿ. ಹಸುಗಳು ಒಂದನ್ನೊಂದು ನೆಕ್ಕುವುದು ಹೆಚ್ಚಾಗಿ ಕತ್ತಿನ ಸುತ್ತಲೇ. ಅಲ್ಲಿ ಸವರಿದರೆ ಕತ್ತು ಉದ್ದ ಮಾಡುತ್ತವೆ, ಕಿವಿ ಜೋಲು ಬಿಡುತ್ತವೆ. ಕಿವಿ ಜೋಲು ಬಿದ್ದ ಮೇಲೆ ಬಕೆಟ್ ಇಡಿ. ಕಣ್ಣಿನ ಬಿಳಿ ಭಾಗ ಜಾಸ್ತಿ ಕಾಣುತ್ತಿದ್ದರೆ ಇನ್ನೂ ಭಯದಲ್ಲಿದೆ ಅಂತ ಅರ್ಥ.

ತಳಿನೋಡು
ಸುಳಿಯ ವಿಷಯವೂ ಹೇಳಿಬಿಡುತ್ತೇನೆ. ಹಣೆಯ ಕೂದಲಿನ ಸುಳಿ ಕಣ್ಣಿಗಿಂತ ಮೇಲೆ ಇದ್ದ ದನಗಳು ಹಿಡಿದು ನಿಲ್ಲಿಸಿದಾಗ ಜಾಸ್ತಿ ಒದ್ದಾಡುತ್ತವೆ ಅಂತ ಗ್ರ್ಯಾಂಡಿನ್ ಮತ್ತು ಜೊತೆಯವರು 1995 ರಲ್ಲಿ ಬರೆದಿದ್ದಾರೆ. ರಕ್ತದ ಪಾತ್ರ ಇಲ್ಲವೇ ಇಲ್ಲ ಅನ್ನಬೇಡಿ.

ಮೆಲುಕು
ಯಾರೂ ಇಲ್ಲ ಅನ್ನಲಿಲ್ಲ. ಬೇಗ ಬೆದರುವ ಹಸುವಿಗೆ ಒಳ್ಳೆ ಜಾಗ ಇನ್ನೂ ಜಾಸ್ತಿ ಬೇಕು. ಅದನ್ನು ಕೆಟ್ಟ ಶೆಡ್‌ನಲ್ಲಿ ಕಟ್ಟಿ, ಗುಣ ಸರಿ ಇಲ್ಲ ಅಂತ ಮಾರುವುದು ನ್ಯಾಯವಲ್ಲ. ಸಾಧು ಹಸುವೂ ಅಲ್ಲಿ ಕೆಡುತ್ತದೆ, ಕಪ್ಪಿಯೇ ಸಾಕ್ಷಿ.

ಹೋರಿಸಾಕಣೆ
ಕರುಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಗುಣ ಕಟ್ಟುವುದು ಅಲ್ಲೇ. ಕರುವನ್ನು ಒಂಟಿಯಾಗಿ ಬೆಳೆಸಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಜೋಡಿಯಾಗಿ ಬೆಳೆದ ಕರು, ಒಂಟಿಯಾಗಿ ಬೆಳೆದ ಕರು ಎರಡನ್ನೂ ಹೋಲಿಸಿದ್ದಾರೆ. ಜೋಡಿ ಕರುಗಳು ಹೊಸದನ್ನು ಬೇಗ ಕಲಿಯುತ್ತವೆ, ಹೊಸ ವಸ್ತುವಿಗೆ ಬೇಗ ಒಗ್ಗಿಕೊಳ್ಳುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ 8 ವಾರ ದಾಟಿದ ಕರುವನ್ನು ಒಂಟಿ ಗೂಡಿನಲ್ಲಿ ಇಡುವ ಹಾಗಿಲ್ಲ, ವೈದ್ಯರು ಹೇಳಿದರೆ ಮಾತ್ರ.

ಹೋರಿಗಂತೂ ಇದು ಪ್ರಾಣದ ಪ್ರಶ್ನೆ. ಹೆರೆಫರ್ಡ್ ತಳಿಯ ಹೋರಿಗಳ ಮೇಲೆ 1990 ರಲ್ಲಿ ಬಂದ ಅಧ್ಯಯನದಲ್ಲಿ, ಕೈಯಲ್ಲಿ ಹಾಲು ಕುಡಿಸಿ ಒಂಟಿಯಾಗಿ ಬೆಳೆಸಿದ ಹೋರಿಗಳೇ ಮನುಷ್ಯರ ಮೇಲೆ ಜಾಸ್ತಿ ಎರಗಿದ್ದವು. ತಲೆ ತಳ್ಳಿ ಆಟ ಆಡಿಸಿದ ಮುದ್ದಿನ ಕರು ಎರಡು ವರ್ಷದ ಮೇಲೆ ಅದೇ ಆಟಕ್ಕೆ ಬರುತ್ತದೆ, ಆಗ ಅದರ ತೂಕ ನಿಮ್ಮ ಹತ್ತು ಪಟ್ಟು. ನಮ್ಮ ಅಪ್ಪನ ಪಕ್ಕೆಲುಬು ಮುರಿದಿದ್ದು ಅಂಥ ಮುದ್ದಿನ ಹೋರಿಯಿಂದಲೇ. ಹೋರಿಯ ಹಣೆಗೆ ಕೈ ಇಟ್ಟು ತಳ್ಳುವ ಆಟ ಮಕ್ಕಳಿಗೆ ಕಲಿಸಲೇಬೇಡಿ.

ಹೊಸಬ
ಬಯಲಲ್ಲಿ ಇದ್ದೂ ದನ ಹುಚ್ಚೆದ್ದು ಓಡುವುದುಂಟಾ? ಮೊದಲ ಮಳೆ ಆದ ಮೇಲೆ ಚಿಗುರು ಹುಲ್ಲಿಗೆ ಬಿಟ್ಟಾಗ ನಮ್ಮದೊಂದು ಹಾಗೆ ಮಾಡಿತ್ತು. ಕಿವಿ ನೆಟ್ಟಗೆ, ಮೈ ನಡುಕ.

ಪಶುವೈದ್ಯೆ
ಅದು ಮೆಗ್ನೀಷಿಯಂ ಕೊರತೆ ಇರಬಹುದು. ಎಳೆ ಹುಲ್ಲಿನಲ್ಲಿ ಮೆಗ್ನೀಷಿಯಂ ಕಡಿಮೆ, ಪೊಟ್ಯಾಷಿಯಂ ಜಾಸ್ತಿ, ಇದ್ದದ್ದೂ ಮೈಗೆ ಹತ್ತುವುದಿಲ್ಲ. ಹಾಲು ಕೊಡುವ ಹಸುಗಳಲ್ಲಿ ಜಾಸ್ತಿ ಕಾಣುತ್ತದೆ. ಮೊದಲು ಬೆದರುತ್ತವೆ, ತೂರಾಡುತ್ತವೆ, ಕೆಲವು ಮೈಮೇಲೆ ಬರುತ್ತವೆ, ಆಮೇಲೆ ಬಿದ್ದು ಕಾಲು ಬಡಿಯುತ್ತವೆ. ಗಂಟೆಗಳಲ್ಲಿ ಸಾಯಬಹುದು, ತಕ್ಷಣ ವೈದ್ಯರು ಬೇಕು. ಚಿಗುರು ಹುಲ್ಲಿಗೆ ಬಿಡುವ ಮೊದಲು ಒಣಹುಲ್ಲು ತಿನ್ನಿಸಿ.

ಹಸಿರುಬಯಲು
ಇದು ನನಗೆ ಗೊತ್ತಿರಲಿಲ್ಲ. ಬಯಲಾದರೆ ಎಲ್ಲಾ ಸರಿ ಅಂದುಕೊಂಡಿದ್ದೆ. ಬರೆದಿಟ್ಟುಕೊಂಡೆ ಮೇಡಂ.

ನೀರುತೊಟ್ಟಿ
ಇನ್ನೊಂದು ಕಾರಣ. ನಮ್ಮ ಹಸುಗಳು ತೊಟ್ಟಿ ಹತ್ತಿರ ಹೋಗಿ, ಮೂತಿ ತಾಗಿಸಿ ಹಿಂದೆ ಜಿಗಿಯುತ್ತಿದ್ದವು. ತಿಂಗಳುಗಟ್ಟಲೆ ತಿಳಿಯಲಿಲ್ಲ. ಕೊನೆಗೆ ನೋಡಿದರೆ ಪಂಪಿನ ವೈರ್ ಸವೆದು ತೊಟ್ಟಿಗೆ ಕರೆಂಟ್ ಸೋರುತ್ತಿತ್ತು. ಚಪ್ಪಲಿ ಹಾಕಿದ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಒದ್ದೆ ನೆಲದಲ್ಲಿ ನಿಂತ ಹಸುವಿಗೆ ಒಂದೆರಡು ವೋಲ್ಟ್ ಸೋರಿದರೂ ತಾಗಬಹುದು. ಕಬ್ಬಿಣದ ಶೆಡ್ ಇರುವವರು ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ.

ಕೊಂಬು
ಪಕ್ಕದಲ್ಲಿ ಯಾವ ಹಸು ಕಟ್ಟಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಿಂಡಿನಲ್ಲಿ ಮೇಲು ಕೀಳು ಇರುತ್ತದೆ. ಬಯಲಲ್ಲಾದರೆ ಕೀಳಿನ ಹಸು ದೂರ ಸರಿಯುತ್ತದೆ, ಕಣ್ಣಿಯಲ್ಲಿ ಎಲ್ಲಿಗೆ ಸರಿಯಬೇಕು?

ಹೊಸಶೆಡ್
ಕಪ್ಪಿಯ ಎಡಕ್ಕೆ ಕೊಂಬಿನ ಕೆಂದಿ ಇದೆ. ಅದೇ ಹಿಂಡಿನ ಯಜಮಾನಿ. ಅಯ್ಯೋ, ಕಪ್ಪಿಯ ಎಡ ಪಕ್ಕೆಯಲ್ಲಿ ಕೂದಲು ಉದುರಿದ ಗೀರು ಇವೆ. ಉಜ್ಜಿಕೊಂಡಿದ್ದು ಅಂದುಕೊಂಡಿದ್ದೆ.

ಕೊಂಬು
ನಾಳೆಯೇ ಜಾಗ ಬದಲಿಸಿ. ಹಳೆ ಕೊಟ್ಟಿಗೆಯಲ್ಲಿ ಪಕ್ಕ ಇದ್ದ ಗೆಳತಿಯನ್ನೇ ಪಕ್ಕಕ್ಕೆ ಕಟ್ಟಿ.

ಹೊಸಶೆಡ್ *(18 ದಿನಗಳ ನಂತರ)*
ಎಲ್ಲರಿಗೂ ತಿಳಿಸಬೇಕು ಅನ್ನಿಸಿತು.

ಗೊರಸು ನೋಡಿದವರು ಬಲ ಹಿಂಗಾಲಿನ ಹೊರ ಗೊರಸಿನ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದ ಕಲೆ ತೋರಿಸಿದರು. ಕೆತ್ತಿ ಸರಿ ಮಾಡಿದರು. ಕಣ್ಣಿ ಒಂದು ಮೊಳ ಉದ್ದ ಮಾಡಿದೆ. ಮ್ಯಾಟ್ ಹಾಕಿ ಮೇಲೆ ಒಣಹುಲ್ಲು ಹರಡುತ್ತೇವೆ. ನುಣುಪಾಗಿದ್ದ ಓಡಾಡುವ ನೆಲಕ್ಕೆ ಗೀರು ಹೊಡೆಸಿದೆ. ಕೆಂದಿ ಈಗ ಆ ಕೊನೆಗೆ ಹೋಗಿದೆ. ಕರೆಂಟ್ ನೋಡಿಸಿದೆ, ಸೋರಿಕೆ ಇಲ್ಲ.

ಶೆಡ್ ಹಿಂದೆ ಮಣ್ಣಿನ ಜಾಗ ಸ್ವಲ್ಪ ಇತ್ತು. ಬೇಲಿ ಹಾಕಿ ದಿನಕ್ಕೆ ಮೂರು ಗಂಟೆ ಬಿಡುತ್ತೇವೆ. ಮೇಯಲು ಹುಲ್ಲಿಲ್ಲ, ಓಡಾಡಲು ಜಾಗ ಇದೆ. ಮೊದಲ ದಿನ ನಾಲ್ಕನೇ ಸೂಲಿನ ಕಪ್ಪಿ ಬಾಲ ಎತ್ತಿಕೊಂಡು ಕರುವಿನ ಹಾಗೆ ಎರಡು ಸುತ್ತು ಓಡಿತು.

ಕಾಲು ಎತ್ತುವುದು ತುಂಬಾ ಕಡಿಮೆಯಾಗಿದೆ. ಐದು ದಿನದಿಂದ ಒದ್ದಿಲ್ಲ. ಆದರೆ ಬಾಗಿಲಲ್ಲಿ ಇನ್ನೂ ನಿಲ್ಲುತ್ತದೆ. ಮ್ಯಾಟ್ ಹಾಕಿದರೂ, ದೀಪ ಹಾಕಿದರೂ ಮೂಗು ತಗ್ಗಿಸಿ ಆ ಚರಂಡಿ ಜಾಗವನ್ನು ಮೂಸಿ ನೋಡಿಯೇ ಕಾಲಿಡುವುದು.

ದೊಡ್ಡಿ
ಮೂಸಲು ಬಿಡಿ, ಹಿಂದಿನಿಂದ ತಳ್ಳಬೇಡಿ. ಒಮ್ಮೆ ಹೆದರಿದ ಜಾಗವನ್ನು ಅವು ಬಹಳ ದಿನ ನೆನಪಿಡುತ್ತವೆ. ಮೂಸಿ ತಾನೇ ಕಾಲಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ.

ಸಂಜೆಹಾಲು
ರಾತ್ರಿ ಎಷ್ಟು ಮಲಗುತ್ತವೆ ಈಗ?

ಹೊಸಶೆಡ್
ನಿನ್ನೆ 11 ಗಂಟೆಗೆ 8. ನಿಂತಿದ್ದ ಒಂದು ಕೆಂದಿ, ಅದು ಮೇವು ತಿನ್ನುತ್ತಿತ್ತು. ಕಪ್ಪಿ ತಲೆಯನ್ನು ಪಕ್ಕೆಗೆ ಮಡಚಿಕೊಂಡು ಮಲಗಿತ್ತು. ನಾನು ಟಾರ್ಚ್ ಆರಿಸಿ ವಾಪಸ್ ಬಂದೆ.